ಬಿಗಿದ ನದಿಯನ್ನು ಬಿಚ್ಚಿದ ಮ್ಯೂನಿಕ್

ಜರ್ಮನಿಯ ಮ್ಯೂನಿಕ್ ನಗರದಲ್ಲಿ ಬೇಸಿಗೆಯ ಮಧ್ಯಾಹ್ನ ಇಸಾರ್ ನದಿಯ ಸೇತುವೆಯ ಮೇಲೆ ನಿಂತವರಿಗೆ ಕೆಳಗೆ ಬೆಳ್ಳನೆಯ ಜಲ್ಲಿಯ ದಿಬ್ಬಗಳು, ಅವುಗಳ ನಡುವೆ ಕವಲೊಡೆದು ಹರಿಯುವ ಹಸಿರು ನೀರು, ಆ ನೀರಿನಲ್ಲಿ ಆಡುವ ಮಕ್ಕಳು ಕಾಣಿಸುತ್ತಾರೆ. ಪ್ರಕೃತಿ ತನ್ನಷ್ಟಕ್ಕೆ ಉಳಿಸಿಕೊಂಡ ತಾಣವಿದು ಎಂದು ಹೊಸಬರು ಭಾವಿಸಿದರೆ ಆಶ್ಚರ್ಯವಿಲ್ಲ. ಆದರೆ ಇದು 2000ದಿಂದ 2011ರವರೆಗೆ ಎಂಜಿನಿಯರರು ಯಂತ್ರಗಳನ್ನಿಳಿಸಿ ಮಾಡಿದ ಕೆಲಸ. ತಮ್ಮ ಹಿಂದಿನ ತಲೆಮಾರಿನ ಎಂಜಿನಿಯರರು ಕಟ್ಟಿದ್ದನ್ನು ಅವರು ಬಿಚ್ಚಿದರು.

ಆಲ್ಪ್ಸ್ ಪರ್ವತದ ಕಾರ್ವೆಂಡೆಲ್ ಶ್ರೇಣಿಯಲ್ಲಿ ಹುಟ್ಟುವ ಇಸಾರ್, ಸುಮಾರು 295 ಕಿ.ಮೀ. ಹರಿದು ಡ್ಯಾನ್ಯೂಬ್ ನದಿಯನ್ನು ಸೇರುತ್ತದೆ. ಮ್ಯೂನಿಕ್ ಬೆಳೆದದ್ದೇ ಈ ನದಿಯ ಸೇತುವೆಯಿಂದ. 1158ರ ದಾಖಲೆಯಲ್ಲಿ ಊರಿನ ಹೆಸರು ಮೊದಲಿಗೆ ಬರುತ್ತದೆ. ಸೇತುವೆ ದಾಟುವ ಉಪ್ಪಿನ ಗಾಡಿಗಳ ಸುಂಕ ಊರಿಗೆ ಆದಾಯ ತಂದಿತು. ಬೆಟ್ಟದ ದಿಮ್ಮಿಗಳು ತೆಪ್ಪಗಳಾಗಿ ತೇಲಿ ಬಂದು ಇಲ್ಲಿ ಮನೆಗಳಾದವು.

ಆದರೆ ನದಿ ಮುನಿದಾಗ ಊರು ನಡುಗುತ್ತಿತ್ತು. 1813ರ ಸೆಪ್ಟೆಂಬರಿನ ನೆರೆಯಲ್ಲಿ, ನೀರು ನೋಡಲು ಸೇತುವೆಯ ಮೇಲೆ ಸೇರಿದ್ದ ಜನರೊಂದಿಗೇ ಸೇತುವೆ ಕುಸಿದು ಸುಮಾರು 100 ಮಂದಿ ಸತ್ತರು. 1899ರಲ್ಲಿ ಮತ್ತೆರಡು ಸೇತುವೆಗಳು ಕೊಚ್ಚಿಹೋದವು. ಹಾಗಾಗಿ ನದಿಯನ್ನು ನೇರ ಮಾಡಿ, ದಂಡೆಗೆ ಕಲ್ಲು ಬಿಗಿದು, ಎರಡೂ ಬದಿಗೆ ಏರಿ ಹಾಕಿದ್ದನ್ನು ಅಂದಿನವರ ಅವಿವೇಕ ಎನ್ನುವಂತಿಲ್ಲ. ಅವರಿಗೆ ಬೇಕಿದ್ದುದು ಪ್ರಾಣರಕ್ಷಣೆ.

ಅದರ ಬೆನ್ನಿಗೇ ವಿದ್ಯುತ್ ಬಂತು. 1924ರಲ್ಲಿ ಆರಂಭವಾದ ವಾಲ್ಖೆನ್‌ಸೇ ಸ್ಥಾವರಕ್ಕಾಗಿ ಮೇಲ್ಭಾಗದಲ್ಲೇ ನದಿಯ ನೀರನ್ನು ತಿರುಗಿಸಲಾಯಿತು. ಮ್ಯೂನಿಕ್ ಬಳಿ ಉಳಿದ ನೀರಿನ ದೊಡ್ಡ ಪಾಲು ಪಕ್ಕದ ಕಾಲುವೆಗೆ ಹೋಯಿತು. 1959ರಲ್ಲಿ ಮುಗಿದ ಸಿಲ್ವೆನ್‌ಸ್ಟೈನ್ ಅಣೆಕಟ್ಟು ನೆರೆಯ ಉಬ್ಬರವನ್ನು ತಗ್ಗಿಸಿತು, ಬೆಟ್ಟದಿಂದ ಉರುಳಿ ಬರುವ ಜಲ್ಲಿಯನ್ನೂ ತಡೆದಿಟ್ಟಿತು.

ಈ ಜಲ್ಲಿಯೇ ಮೀನಿನ ತೊಟ್ಟಿಲು. ಡ್ಯಾನ್ಯೂಬ್ ಪ್ರದೇಶದ ಹೆಸರಾಂತ ಮೀನು ಹುಖೆನ್ ಒಂದು ಮೀಟರಿಗಿಂತ ಉದ್ದ ಬೆಳೆಯುತ್ತದೆ. ಅದು ಮೊಟ್ಟೆಯಿಡುವುದು ಜಲ್ಲಿಯ ಸಂದುಗಳಲ್ಲಿ. ಸಂದಿನೊಳಗೆ ಹೊಸ ನೀರು ಹರಿಯುತ್ತಿದ್ದರೆ ಮಾತ್ರ ಮೊಟ್ಟೆಗೆ ಆಮ್ಲಜನಕ. ನೀರು ನಿಧಾನವಾಗಿ ಕೆಸರು ಕೂತರೆ ಮೊಟ್ಟೆ ಉಸಿರುಗಟ್ಟಿ ಸಾಯುತ್ತದೆ. ಮೇಲೆ, ನದಿಯ ತಳ ಕೊರೆಯದಂತೆ ಅಡ್ಡಲಾಗಿ ಕಟ್ಟಿದ್ದ ಗೋಡೆಮೆಟ್ಟಿಲುಗಳು ಮೀನಿನ ದಾರಿಯನ್ನೂ ಮುಚ್ಚಿದ್ದವು.

1990ರ ದಶಕದಲ್ಲಿ ಬವೇರಿಯ ರಾಜ್ಯ ಮತ್ತು ಮ್ಯೂನಿಕ್ ನಗರ ಸೇರಿ 'ಇಸಾರ್ ಯೋಜನೆ' ರೂಪಿಸಿದವು. ಗುರಿ ಮೂರು: ನೆರೆಯಿಂದ ರಕ್ಷಣೆ, ನದಿಗೆ ಸಹಜ ರೂಪ, ಜನರಿಗೆ ವಿಹಾರ. ಮೂರೂ ಒಂದಕ್ಕೊಂದು ವಿರೋಧ ಎಂದು ಮೇಲ್ನೋಟಕ್ಕೆ ತೋರುತ್ತದೆ. ಮೂರಕ್ಕೂ ಸಿಕ್ಕಿದ ಉತ್ತರ ಒಂದೇ: ಅಗಲ. ಸುಮಾರು 50 ಮೀಟರ್ ಇದ್ದ ಪಾತ್ರವನ್ನು ಸ್ಥಳವಿದ್ದಲ್ಲಿ 90 ಮೀಟರಿನವರೆಗೆ ಹಿಗ್ಗಿಸಿದರು. ಅಗಲವಾದ ಪಾತ್ರದಲ್ಲಿ ನೆರೆ ಹರಡಿ ತಗ್ಗುತ್ತದೆ. ನೀರು ಇಳಿದಾಗ ಜಲ್ಲಿದಿಬ್ಬ, ಮಡು, ನಡುಗಡ್ಡೆಗಳು ತಾವಾಗಿ ಮೂಡುತ್ತವೆ.

ದಂಡೆಯ ಕಾಂಕ್ರೀಟು ಕಿತ್ತರೆ ನದಿ ಊರೊಳಗೆ ನುಗ್ಗದೆ? ಅದಕ್ಕಾಗಿ ದಂಡೆಯಿಂದ ಹಿಂದಕ್ಕೆ, ಮಣ್ಣಿನಡಿ ಕಲ್ಲುಸಾಲನ್ನು ಹೂತಿಟ್ಟರು. ಅಲ್ಲಿಯವರೆಗೆ ನದಿ ಸ್ವೇಚ್ಛೆಯಿಂದ ಕೊರೆಯಬಹುದು, ಮುಂದಕ್ಕೆ ಅಪ್ಪಣೆಯಿಲ್ಲ. ಹಳೆಯ ಮರಗಳಿದ್ದ ಏರಿಗಳಲ್ಲಿ ಮರ ಕಡಿಯುವ ಬದಲು ಏರಿಯೊಳಗೇ ಗೋಡೆ ಇಳಿಸಿ ಭದ್ರಪಡಿಸಿದರು. ಗೋಡೆಮೆಟ್ಟಿಲುಗಳ ಜಾಗದಲ್ಲಿ ಬಂಡೆಗಳ ಇಳಿಜಾರು ಬಂತು; ಬಂಡೆಗಳ ನಡುವಿನ ಸಣ್ಣ ಮಡುಗಳಲ್ಲಿ ದಣಿವಾರಿಸಿಕೊಳ್ಳುತ್ತ ಮೀನು ಮೇಲೇರುತ್ತದೆ. ಕಾಲುವೆಗೆ ತಿರುಗಿಸಿದ ಮೇಲೆ ಸೆಕೆಂಡಿಗೆ ಸುಮಾರು 5 ಘನಮೀಟರಿಗೆ ಇಳಿದಿದ್ದ ನೀರನ್ನು ಇಮ್ಮಡಿಗೂ ಮೀರಿ ಹೆಚ್ಚಿಸಲಾಯಿತು. ವಿದ್ಯುತ್ತಿನಲ್ಲಿ ಅಷ್ಟು ನಷ್ಟವನ್ನು ಒಪ್ಪಿಕೊಂಡದ್ದೇ ಇಲ್ಲಿ ನಿಜವಾದ ತ್ಯಾಗ.

ಎಲ್ಲವೂ ಸುಗಮವಾಗಿ ನಡೆಯಲಿಲ್ಲ. ನಗರಮಧ್ಯದ ಭಾಗಕ್ಕೆ 2003ರಲ್ಲಿ ನಡೆದ ವಿನ್ಯಾಸ ಸ್ಪರ್ಧೆಯಲ್ಲಿ ಗೆದ್ದ ನಕ್ಷೆ ಸಹಜತೆಗಿಂತ ಅಲಂಕಾರಕ್ಕೆ ಒತ್ತುಕೊಟ್ಟಿದೆ ಎಂಬ ಆಕ್ಷೇಪ ಎದ್ದಿತು. ವಾದವಿವಾದದ ಬಳಿಕ ಎರಡನೆಯ ನಕ್ಷೆಯ ಅಂಶಗಳನ್ನೂ ಸೇರಿಸಿ ರಾಜಿಯಾಯಿತು. ಕೆಲಸದ ನಡುವೆಯೇ, 2005ರ ಆಗಸ್ಟಿನಲ್ಲಿ, ಭಾರಿ ನೆರೆ ಬಂತು. ಜಲ್ಲಿದಿಬ್ಬಗಳು ಸ್ಥಾನ ಬದಲಿಸಿದವು, ಏರಿಗಳು ಉಳಿದವು.

ಈಜಲು ನೀರೂ ಶುದ್ಧವಿರಬೇಕಷ್ಟೆ. ನದಿಯ ಮೇಲ್ಭಾಗದ ಊರುಗಳು ಸಂಸ್ಕರಿಸಿದ ಕೊಳಚೆನೀರನ್ನು ಬೇಸಿಗೆಯಲ್ಲಿ ನೇರಳಾತೀತ ಕಿರಣದಿಂದ ತೊಳೆದು ಬಿಡುತ್ತವೆ. ಆದರೂ ದೊಡ್ಡ ಮಳೆಯ ಮರುದಿನ ನೀರಿಗಿಳಿಯದಿರುವುದೇ ಲೇಸು.

ನಗರದೊಳಗಿನ 8 ಕಿ.ಮೀ. ಉದ್ದಕ್ಕೆ ತಗುಲಿದ ವೆಚ್ಚ ಸುಮಾರು 3.5 ಕೋಟಿ ಯೂರೊ. ಉಳಿದ ನದಿಯಲ್ಲಿ ಅಣೆಕಟ್ಟುಗಳಿವೆ, ಕಾಲುವೆಗಳಿವೆ. ಹುಖೆನ್ ಇಂದಿಗೂ ವಿರಳವೇ. ದಂಡೆಯಲ್ಲಿ ಸೇರುವ ಜನರ ಗದ್ದಲ, ಕಸ ಮತ್ತೊಂದು ತಲೆನೋವು. ಕಟ್ಟುವಾಗ ನದಿಗೆ ಬಿಟ್ಟುಕೊಡದ ಜಾಗವನ್ನು ಮ್ಯೂನಿಕ್ ನೂರು ವರ್ಷದ ನಂತರ ಹಣ ತೆತ್ತು ಹಿಂದಿರುಗಿಸಿತು. ಅಷ್ಟರಲ್ಲಿ ಅಲ್ಲಿ ಮನೆಗಳು ಎದ್ದಿರಲಿಲ್ಲ, ನೆರೆಯ ಬಯಲು ಹುಲ್ಲಾಗಿಯೇ ಉಳಿದಿತ್ತು ಎಂಬುದು ಆ ಊರಿನ ಭಾಗ್ಯ.