ಸಾರ್ವಭೌಮತ್ವ ಯಾರದ್ದು? 1948ರಲ್ಲಿ ಹೈದರಾಬಾದ್ ನಿಜಾಮನ ವಾದವೇನಿತ್ತು?

ಕಲಬುರಗಿ, ಬೀದರ್, ರಾಯಚೂರು ಭಾಗದಲ್ಲಿ ಸೆಪ್ಟೆಂಬರ್ 17 ಎಂದರೆ ವಿಮೋಚನಾ ದಿನ. ಅದರ ಹಿಂದೆ ಪೊಲೀಸ್ ಕಾರ್ಯಾಚರಣೆಯಷ್ಟೇ ಅಲ್ಲ, ಸಾರ್ವಭೌಮತ್ವ ಯಾರದ್ದು ಎಂಬ ಜಗಳವೂ ಇತ್ತು.

ಫ್ರಾನ್ಸ್‌ನ ಚಿಂತಕ ಜೀನ್ ಬೋಡಿನ್ 1576ರಲ್ಲಿ ಸಾರ್ವಭೌಮತ್ವವನ್ನು ರಾಜ್ಯದ ಪರಮ ಹಾಗೂ ಶಾಶ್ವತ ಅಧಿಕಾರ ಎಂದು ಕರೆದಿದ್ದರು. ಇಂಗ್ಲೆಂಡಿನ ಜಾನ್ ಆಸ್ಟಿನ್ 1832ರಲ್ಲಿ ಅದಕ್ಕೆ ಅಳತೆಗೋಲು ಕೊಟ್ಟರು: ಬಹುಪಾಲು ಜನ ರೂಢಿಯಿಂದ ಯಾರ ಆಜ್ಞೆ ಪಾಲಿಸುತ್ತಾರೋ, ಆತ ಮತ್ತೊಬ್ಬರ ಆಜ್ಞೆ ಪಾಲಿಸುವವನಾಗಿರಬಾರದು.

ಬ್ರಿಟಿಷರ ಕಾಲದಲ್ಲಿ ನಿಜಾಮ ಈ ಪರೀಕ್ಷೆಯಲ್ಲಿ ಪಾಸಾಗುವಂತಿರಲಿಲ್ಲ. ಬೇರಾರ್ ಪ್ರಾಂತ್ಯ ವಾಪಸ್ ಕೇಳುತ್ತಾ ಸಮಾನತೆಯ ಮಾತಾಡಿದ ಮೀರ್ ಉಸ್ಮಾನ್ ಅಲಿ ಖಾನ್‌ಗೆ ವೈಸರಾಯ್ ಲಾರ್ಡ್ ರೀಡಿಂಗ್ 1926ರಲ್ಲಿ ಖಡಕ್ ಉತ್ತರ ಕೊಟ್ಟರು: ಯಾವ ಸಂಸ್ಥಾನದ ದೊರೆಯೂ ಬ್ರಿಟಿಷ್ ಸರ್ಕಾರದೊಂದಿಗೆ ಸಮಾನ ನೆಲೆಯಲ್ಲಿ ಮಾತುಕತೆ ನಡೆಸುವಂತಿಲ್ಲ.

ಆಟ ಬದಲಾಗಿದ್ದು 1947ರಲ್ಲಿ. ಭಾರತ ಸ್ವಾತಂತ್ರ್ಯ ಕಾಯ್ದೆಯ 7ನೇ ಸೆಕ್ಷನ್ ಸಂಸ್ಥಾನಗಳ ಮೇಲಿನ ಬ್ರಿಟಿಷ್ ಅಧಿಪತ್ಯವನ್ನು ರದ್ದು ಮಾಡಿತು. ಹಾಗಾದರೆ ಆ ಅಧಿಕಾರ ಹೋಗಿದ್ದೆಲ್ಲಿಗೆ? ತನ್ನ ಕೈಗೇ ಎಂದ ನಿಜಾಮ. ಅಲ್ಲ, ಜನರ ಕೈಗೆ ಎಂದಿತು ದೆಹಲಿ. 1762ರಲ್ಲಿ ರೂಸೋ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಕಾಯ್ದೆಯ ಅಕ್ಷರ ಮಾತ್ರ ಓದಿದರೆ ನಿಜಾಮನ ವಾದ ತೀರಾ ಹುರುಳಿಲ್ಲದ್ದಲ್ಲ. ಆದರೆ ತೆಲುಗು, ಮರಾಠಿ, ಕನ್ನಡ ಮಾತಾಡುವ ಪ್ರಜೆಗಳ ಅಭಿಪ್ರಾಯಕ್ಕೆ ಅದರಲ್ಲಿ ಜಾಗವೇ ಇರಲಿಲ್ಲ.

1947ರ ನವೆಂಬರ್ 29ರಂದು ಒಂದು ವರ್ಷದ ಯಥಾಸ್ಥಿತಿ ಒಪ್ಪಂದವಾಯಿತು. ಅದೂ ಬಾಳಲಿಲ್ಲ. 1948ರ ಆಗಸ್ಟ್‌ನಲ್ಲಿ ಹೈದರಾಬಾದ್ ವಿಶ್ವಸಂಸ್ಥೆಗೆ ದೂರು ಕೊಟ್ಟಿತು. ಸೆಪ್ಟೆಂಬರ್ 16ರಂದು ಭದ್ರತಾ ಮಂಡಳಿ ಅದನ್ನು ಕೈಗೆತ್ತಿಕೊಳ್ಳುವಷ್ಟರಲ್ಲಿ ಭಾರತೀಯ ಸೇನೆ ಗಡಿ ದಾಟಿ ಮೂರು ದಿನವಾಗಿತ್ತು. ಮರುದಿನ ನಿಜಾಮ ಕದನ ವಿರಾಮ ಘೋಷಿಸಿದ. ವಾರದೊಳಗೆ ದೂರು ಹಿಂಪಡೆಯುವುದಾಗಿಯೂ ತಿಳಿಸಿದ.