ಮ್ಯಾಮೊಗ್ರಾಮಿಗೆ ಕರೆದವರಾರು?

ಮಾರ್ಚ್ ತಿಂಗಳು ಬಂದರೆ ಸಾಕು, ನಮ್ಮ ನಗರಗಳ ಆಸ್ಪತ್ರೆ ಜಾಹೀರಾತುಗಳಲ್ಲಿ ಮ್ಯಾಮೊಗ್ರಾಮ್ ರಿಯಾಯಿತಿ ದರಕ್ಕೆ ಸಿಗುತ್ತದೆ. ಥೈರಾಯ್ಡ್, ವಿಟಮಿನ್ ಡಿ, ಸಕ್ಕರೆ ಪರೀಕ್ಷೆಗಳ ಜೊತೆ ಅದೂ ಪ್ಯಾಕೇಜಿನ ಒಂದು ಸಾಲು. ನಲವತ್ತು ದಾಟಿದವರು ಒಮ್ಮೆ ಹೋಗಿ ಮಾಡಿಸಿಕೊಂಡು, ವರದಿಯನ್ನು ಫೈಲಿಗೆ ಸೇರಿಸಿ ನಿರಾಳವಾಗುತ್ತಾರೆ. ಯಂತ್ರ ಬಂತೆಂದರೆ ತಪಾಸಣೆಯೂ ಬಂದ ಹಾಗೆ ಎಂಬ ಭಾವನೆ ಇದರ ಹಿಂದಿದೆ. ಮ್ಯಾಮೊಗ್ರಾಮಿನ ಇತಿಹಾಸ ಆ ಭಾವನೆಗೆ ಪುಷ್ಟಿ ಕೊಡುವುದಿಲ್ಲ. ಸ್ತನದ ಎಕ್ಸ್‌ರೇ ಹುಟ್ಟಿ ಅರ್ಧ ಶತಮಾನ ಕಳೆದರೂ ಅದರಿಂದ ಸಾವು ಕಡಿಮೆಯಾಗುತ್ತದೆಯೇ ಎಂದು ಯಾರಿಗೂ ಹೇಳಲಾಗಲಿಲ್ಲ. ಕಾಯಿಲೆಯಿಲ್ಲದ ಹೆಂಗಸರ ಪಟ್ಟಿ ಬರೆದು, ಹೆಸರು ಹಿಡಿದು ಕರೆದು, ಬಾರದವರನ್ನೂ ಲೆಕ್ಕಕ್ಕೆ ಹಿಡಿದ ಮೇಲಷ್ಟೇ ಆ ಪ್ರಶ್ನೆಗೆ ಉತ್ತರ ದೊರಕಿತು. ಆ ಪಟ್ಟಿಯೇ ಈ ಪದ್ಧತಿಯ ಜೀವ ಎಂಬುದು ನನ್ನ ವಾದ.

ಮೊದಲ ಹೆಜ್ಜೆ ಇಟ್ಟದ್ದು ಬರ್ಲಿನ್ನಿನ ಶಸ್ತ್ರವೈದ್ಯ ಆಲ್ಬರ್ಟ್ ಸಾಲೊಮನ್. 1913ರಲ್ಲಿ ಆತ ಪ್ರಕಟಿಸಿದ ಅಧ್ಯಯನಕ್ಕೆ ಆಧಾರವಾಗಿದ್ದವು ಕ್ಯಾನ್ಸರಿಗಾಗಿ ಕತ್ತರಿಸಿ ತೆಗೆದ ಸುಮಾರು 3,000 ಸ್ತನಗಳು. ಅವುಗಳ ಎಕ್ಸ್‌ರೇ ತೆಗೆದು, ಗಡ್ಡೆಯ ಅಂಚು ಹೇಗಿದೆ, ಅದು ಎಲ್ಲಿಗೆ ಹಬ್ಬಿದೆ ಎಂದು ತಾಳೆ ನೋಡಿದ. ಅಂದರೆ ಈ ಚಿತ್ರಗಳಿಂದ ಆ ಹೆಂಗಸರಲ್ಲಿ ಒಬ್ಬಳಿಗೂ ಪ್ರಯೋಜನವಾಗುವಂತಿರಲಿಲ್ಲ. ಯೆಹೂದಿಯಾಗಿದ್ದ ಸಾಲೊಮನ್‌ನ ವೃತ್ತಿಯನ್ನು ನಾಜಿ ಆಡಳಿತ ಕಿತ್ತುಕೊಂಡಿತು. 1930ರಲ್ಲಿ ಅಮೆರಿಕದ ರೊಚೆಸ್ಟರಿನಲ್ಲಿ ಸ್ಟಾಫರ್ಡ್ ವಾರೆನ್ ಜೀವಂತ ರೋಗಿಗಳ ಚಿತ್ರ ತೆಗೆದ. ಆದರೂ ಚಿತ್ರಗಳು ಮಸುಕಾಗಿಯೇ ಇದ್ದವು. ಒಬ್ಬ ವೈದ್ಯನಿಗೆ ಕಂಡದ್ದು ಇನ್ನೊಬ್ಬನಿಗೆ ಕಾಣುತ್ತಿರಲಿಲ್ಲ.

ಇಂದಿಗೂ ಹೆಂಗಸರು ಮ್ಯಾಮೊಗ್ರಾಮ್ ಎಂದರೆ ಮುಖ ಸಿಂಡರಿಸುವುದಕ್ಕೆ ಕಾರಣವಾದ ಆ ಒತ್ತುವ ತಟ್ಟೆಯ ಹಿಂದೆ ಉರುಗ್ವೆಯ ರೌಲ್ ಲೆಬೋರ್ನ್ ಇದ್ದಾನೆ. ಸ್ತನವನ್ನು ಒತ್ತಿ ಚಪ್ಪಟೆಯಾಗಿಸಿದರೆ ಒಂದರ ಮೇಲೊಂದು ಬಿದ್ದಿದ್ದ ಅಂಗಾಂಶ ಹರಡಿಕೊಳ್ಳುತ್ತದೆ, ಕಿರಣ ದಾಟಬೇಕಾದ ದಪ್ಪ ಕಡಿಮೆಯಾಗುವುದರಿಂದ ವಿಕಿರಣದ ಪ್ರಮಾಣವೂ ಇಳಿಯುತ್ತದೆ, ಅಲುಗಾಟ ನಿಲ್ಲುತ್ತದೆ. ಹಾಗೆ ಒತ್ತಿ ತೆಗೆದ ಚಿತ್ರಗಳಲ್ಲಿ ಲೆಬೋರ್ನ್ 1950ರ ಆಸುಪಾಸಿನಲ್ಲಿ ಪುಡಿ ಉಪ್ಪು ಚೆಲ್ಲಿದಂಥ ಸುಣ್ಣದ ಕಣಗಳನ್ನು ಗುರುತಿಸಿದ. ಕೈಗೆ ಗಂಟು ಸಿಗುವ ಮೊದಲೇ ಕಾಣಬಲ್ಲ ಗುರುತು ಇದು. 1960ರಲ್ಲಿ ಹ್ಯೂಸ್ಟನ್ನಿನ ರಾಬರ್ಟ್ ಈಗನ್ ಕಡಿಮೆ ಕಿಲೊವೋಲ್ಟ್ ಮತ್ತು ಕೈಗಾರಿಕೆಯಲ್ಲಿ ಬಳಸುವ ಸೂಕ್ಷ್ಮ ಫಿಲ್ಮಿನ ವಿಧಾನವನ್ನು ಎಲ್ಲರೂ ಕಲಿಯುವಂತೆ ರೂಪಿಸಿದ. ಸ್ತನಕ್ಕೆಂದೇ ತಯಾರಾದ ಯಂತ್ರ ಸ್ಟ್ರಾಸ್‌ಬರ್ಗಿನ ಶಾರ್ಲ್ ಗ್ರೋನ ಕೆಲಸದಿಂದ ಆ ದಶಕದಲ್ಲೇ ಬಂತು. ಇಷ್ಟಾದರೂ ಮುಖ್ಯ ಪ್ರಶ್ನೆ ಹಾಗೆಯೇ ಉಳಿಯಿತು. ಫಿಲಡೆಲ್ಫಿಯಾದ ಗರ್ಶನ್-ಕೋಹೆನ್ ಐವತ್ತರ ದಶಕದಲ್ಲೇ ಕಾಯಿಲೆಯಿಲ್ಲದ ಸಾವಿರಕ್ಕೂ ಹೆಚ್ಚು ಹೆಂಗಸರ ಚಿತ್ರ ತೆಗೆದಿದ್ದ, ಕ್ಯಾನ್ಸರುಗಳನ್ನು ಹಿಡಿದೂ ಇದ್ದ. ಅವರಲ್ಲಿ ಎಷ್ಟು ಜನ ಉಳಿದದ್ದು ಚಿತ್ರದ ದೆಸೆಯಿಂದ? ಹೋಲಿಸಲು ಇನ್ನೊಂದು ಗುಂಪಿರಲಿಲ್ಲ.

ಆ ಗುಂಪು ಸಿಕ್ಕಿದ್ದು ನ್ಯೂಯಾರ್ಕಿನ ಒಂದು ಆರೋಗ್ಯ ವಿಮಾ ಯೋಜನೆಯ ಸದಸ್ಯರ ದಾಖಲೆಯಲ್ಲಿ. ಹೆಂಡತಿಯನ್ನು ಸ್ತನ ಕ್ಯಾನ್ಸರಿಗೆ ಕಳೆದುಕೊಂಡಿದ್ದ ವೈದ್ಯ ಫಿಲಿಪ್ ಸ್ಟ್ರಾಕ್ಸ್, ಸಂಖ್ಯಾಶಾಸ್ತ್ರಜ್ಞ ಸ್ಯಾಮ್ ಶಪಿರೊ ಮತ್ತು ಶಸ್ತ್ರವೈದ್ಯ ಲೂಯಿಸ್ ವೆನೆಟ್ 1963ರಲ್ಲಿ 40ರಿಂದ 64 ವಯಸ್ಸಿನ ಸುಮಾರು 62,000 ಸದಸ್ಯೆಯರನ್ನು ಎರಡು ಪಾಲು ಮಾಡಿದರು. ಒಂದು ಪಾಲನ್ನು ಪರೀಕ್ಷೆಗೆ ಕರೆದರು, ಇನ್ನೊಂದನ್ನು ಅದರ ಪಾಡಿಗೆ ಬಿಟ್ಟರು. ಕರೆದವರಲ್ಲಿ ಮೂರನೇ ಒಂದರಷ್ಟು ಜನ ಬರಲೇ ಇಲ್ಲ. ಈ ಅಧ್ಯಯನದ ಜಾಣ್ಮೆ ಇರುವುದೇ ಇಲ್ಲಿ: ಬಾರದವರನ್ನೂ ಕರೆದವರ ಗುಂಪಿನಲ್ಲೇ ಇಟ್ಟು ಸಾವುಗಳನ್ನು ಎಣಿಸಿದರು. ತಾವಾಗಿ ಬರುವವರು ಸಾಮಾನ್ಯವಾಗಿ ಆರೋಗ್ಯದ ಕಡೆ ಗಮನವಿರುವವರು. ಬಂದವರನ್ನಷ್ಟೇ ಎಣಿಸಿದರೆ ಯಂತ್ರಕ್ಕೆ ಸಲ್ಲದ ಶ್ರೇಯ ಸಲ್ಲುತ್ತದೆ. ಹೀಗೆ ಬಿಗಿಯಾಗಿ ಎಣಿಸಿದರೂ ಹತ್ತು ವರ್ಷಗಳ ಹೊತ್ತಿಗೆ ಕರೆದ ಗುಂಪಿನಲ್ಲಿ ಸ್ತನ ಕ್ಯಾನ್ಸರಿನ ಸಾವು ಸುಮಾರು ಕಾಲುಭಾಗ ಕಡಿಮೆಯಿತ್ತು. ಇದರ ಎದುರಿಗೆ 1973ರಲ್ಲಿ ಅಮೆರಿಕ ಆರಂಭಿಸಿದ ಸ್ತನ ತಪಾಸಣೆಯ ಪ್ರಾತ್ಯಕ್ಷಿಕೆ ಯೋಜನೆಯನ್ನು ಇಟ್ಟು ನೋಡಬಹುದು. ಅದಕ್ಕೆ ಸುಮಾರು 2,80,000 ಹೆಂಗಸರು ತಾವಾಗಿ ಬಂದರು. ಮರುವರ್ಷ ಅಧ್ಯಕ್ಷರ ಪತ್ನಿ ಬೆಟ್ಟಿ ಫೋರ್ಡ್ ತಮ್ಮ ಶಸ್ತ್ರಚಿಕಿತ್ಸೆಯನ್ನು ಬಹಿರಂಗಪಡಿಸಿದಾಗ ದೇಶದಾದ್ಯಂತ ತಪಾಸಣೆಗೆ ಬರುವವರು ಹೆಚ್ಚಿದರು. ಆ ಯೋಜನೆಯಲ್ಲಿದ್ದದ್ದು ನ್ಯೂಯಾರ್ಕಿನ ನಾಲ್ಕು ಪಟ್ಟಿಗೂ ಮಿಕ್ಕ ಜನ. ಆದರೆ ಹೋಲಿಕೆಯ ಗುಂಪಿಲ್ಲದ್ದರಿಂದ ಸಾವು ಇಳಿಯಿತೇ ಎಂಬುದಕ್ಕೆ ಅದು ನೇರ ಉತ್ತರ ಕೊಡಲಾರದೆ ಹೋಯಿತು.

ಪಟ್ಟಿಯ ವಿಷಯದಲ್ಲಿ ಸ್ವೀಡನ್ನಿನಷ್ಟು ಅದೃಷ್ಟ ಯಾರಿಗೂ ಇರಲಿಲ್ಲ. ಅಲ್ಲಿ 1686ರ ಚರ್ಚ್ ಕಾನೂನು ಪಾದ್ರಿಗಳಿಗೆ ತಮ್ಮ ವ್ಯಾಪ್ತಿಯ ಜನರ ದಾಖಲೆ ಇಡಲು ವಿಧಿಸಿತ್ತು. ಆ ಪರಂಪರೆಯಿಂದ ಬೆಳೆದದ್ದೇ ಅಲ್ಲಿನ ಜನಸಂಖ್ಯಾ ನೋಂದಣಿ. 1977ರಲ್ಲಿ ಎರಡು ಕೌಂಟಿಗಳಲ್ಲಿ ಪರೀಕ್ಷೆ ಆರಂಭಿಸಿದ ಲಾಸ್ಲೊ ಟಬಾರ್ ತಂಡಕ್ಕೆ ಸುಮಾರು 1,33,000 ಹೆಂಗಸರ ಹೆಸರು, ವಿಳಾಸ ಸಿದ್ಧವಾಗಿಯೇ ಸಿಕ್ಕವು. 1985ರಲ್ಲಿ ಪ್ರಕಟವಾದ ಫಲಿತಾಂಶ 31% ಇಳಿಕೆ ತೋರಿಸಿತು. ಅದನ್ನು ನೋಡಿ ಬ್ರಿಟನ್ 1988ರಲ್ಲಿ ಕುಟುಂಬ ವೈದ್ಯರ ಪಟ್ಟಿಯಿಂದ 50 ದಾಟಿದವರಿಗೆ ಮೂರು ವರ್ಷಕ್ಕೊಮ್ಮೆ ಪತ್ರ ಕಳಿಸತೊಡಗಿತು. ಆ ವ್ಯವಸ್ಥೆಯ ದೊಡ್ಡ ಹಗರಣವೂ ಪತ್ರಗಳದ್ದೇ: ಲಕ್ಷಾಂತರ ಹಿರಿಯ ಹೆಂಗಸರಿಗೆ ಕೊನೆಯ ಆಹ್ವಾನ ಹೋಗಿಲ್ಲವೆಂದು 2018ರಲ್ಲಿ ಆರೋಗ್ಯ ಸಚಿವರು ಸಂಸತ್ತಿಗೆ ತಿಳಿಸಿದರು. ಆ ಸಂಖ್ಯೆ ಉತ್ಪ್ರೇಕ್ಷೆಯೆಂದು ಪರಿಶೀಲನೆಯಲ್ಲಿ ತಿಳಿದದ್ದು ಬೇರೆ ಮಾತು. ಯಂತ್ರಗಳು ಸುಸ್ಥಿತಿಯಲ್ಲೇ ಇದ್ದವು.

ಈ ವಾದಕ್ಕೆ ಎದುರಾಗಿ ಮೊದಲು ಕೆನಡಾ ನೆನಪಾಗುತ್ತದೆ. 1980ರಲ್ಲಿ ಆರಂಭವಾದ ಅಲ್ಲಿನ ಅಧ್ಯಯನಕ್ಕೂ ಪಟ್ಟಿಯಿತ್ತು, ಮರಳಿ ಕರೆಯುವುದೂ ಇತ್ತು. ಆದರೂ 25 ವರ್ಷಗಳ ನಂತರ ಸಾವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಅಲ್ಲಿ ಐವತ್ತು ದಾಟಿದವರ ಎರಡೂ ಗುಂಪುಗಳನ್ನು ತರಬೇತಾದವರು ಪ್ರತಿ ವರ್ಷ ಕೈಯಿಂದ ಕೂಲಂಕಷ ಪರೀಕ್ಷಿಸುತ್ತಿದ್ದರು. ಮ್ಯಾಮೊಗ್ರಾಮ್ ಒಂದು ಗುಂಪಿಗೆ ಹೆಚ್ಚುವರಿ ಅಷ್ಟೇ. ಈ ವಯಸ್ಸಿನವರ ಮಟ್ಟಿಗಾದರೂ ಪಟ್ಟಿ ನಿಷ್ಫಲವೆಂದು ಇದರಿಂದ ಸಾಬೀತಾಗುವುದಿಲ್ಲ. ಎರಡನೆಯ ಆಕ್ಷೇಪ ಇನ್ನೂ ಗಟ್ಟಿ. ಬದುಕಿಡೀ ತೊಂದರೆ ಕೊಡದೆ ಇದ್ದುಬಿಡುತ್ತಿದ್ದ ಕ್ಯಾನ್ಸರುಗಳೂ ತಪಾಸಣೆಯಲ್ಲಿ ಸಿಕ್ಕಿ, ಬೇಡದ ಶಸ್ತ್ರಚಿಕಿತ್ಸೆಗೆ ದಾರಿಯಾಗುತ್ತವೆ. 2012ರಲ್ಲಿ ಬ್ರಿಟನ್ನಿನ ಮಾರ್ಮಟ್ ಸಮಿತಿ, ಒಂದು ಸಾವು ತಪ್ಪಿಸುವಲ್ಲಿ ಸುಮಾರು ಮೂವರು ಇಂಥ ಅನಗತ್ಯ ಪತ್ತೆಗೆ ಒಳಗಾಗುತ್ತಾರೆಂದು ಲೆಕ್ಕ ಹಾಕಿತು. ಇದನ್ನು ತಳ್ಳಿಹಾಕುವಂತಿಲ್ಲ. ಆದರೆ ಈ ಹಾನಿಯನ್ನು ಅಳೆಯಲು ಆದದ್ದೂ ಕರೆದವರು, ಕರೆಯದವರು ಎಂಬ ಲೆಕ್ಕ ಇದ್ದುದರಿಂದ. ಅದರ ಮೇಲೆ ಬ್ರಿಟನ್ ತನ್ನ ಆಹ್ವಾನದ ಕರಪತ್ರವನ್ನೇ ತಿದ್ದಿ ಹಾನಿಯ ಮಾತನ್ನೂ ಸೇರಿಸಿತು. ರಿಯಾಯಿತಿ ಜಾಹೀರಾತಿನಲ್ಲಿ ಇಂಥ ಸಾಲು ಕಾಣಸಿಗದು.

ಪಟ್ಟಿ, ಪತ್ರ ಎಲ್ಲ ಶ್ರೀಮಂತ ದೇಶಗಳ ಮಾತು ಅನ್ನಬಹುದು. 1998ರಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯ ಇಂದ್ರನೀಲ್ ಮಿತ್ರ ಮತ್ತು ಸಂಗಡಿಗರು ಮುಂಬೈನಲ್ಲಿ ಈ ಮಾತನ್ನೇ ಪರೀಕ್ಷೆಗಿಟ್ಟರು. 35ರಿಂದ 64 ವಯಸ್ಸಿನ 1,51,538 ಹೆಂಗಸರನ್ನು ದಾಖಲಿಸಿಕೊಂಡರು. ಮ್ಯಾಮೊಗ್ರಾಮ್ ಬಳಸಲೇ ಇಲ್ಲ. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಅವರಲ್ಲಿ ಒಂದು ಪಾಲನ್ನು ಎರಡು ವರ್ಷಕ್ಕೊಮ್ಮೆ, ನಾಲ್ಕು ಸುತ್ತು ಕೈಯಿಂದ ಪರೀಕ್ಷಿಸಿದರು. 2021ರಲ್ಲಿ ಪ್ರಕಟವಾದ ಲೆಕ್ಕದಲ್ಲಿ ಒಟ್ಟಾರೆ ಇಳಿಕೆ 15%. ಸಂಖ್ಯಾಶಾಸ್ತ್ರ ಅದನ್ನು ಖಚಿತವೆಂದು ಒಪ್ಪುವುದಿಲ್ಲ. ಐವತ್ತು ದಾಟಿದವರಲ್ಲಿ ಮಾತ್ರ ಸುಮಾರು 30% ಇಳಿಕೆ ಕಂಡಿತು. ಪಾಶ್ಚಾತ್ಯ ದೇಶಗಳು ಯಂತ್ರದಿಂದ ಪಡೆದದ್ದಕ್ಕೆ ಇದು ದೂರದ ಅಂಕಿಯಲ್ಲ.

ಕರ್ನಾಟಕದಲ್ಲಿ ನೋಂದಣಿಯೇ ಇಲ್ಲವೆಂದಲ್ಲ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1982ರಿಂದ ಕ್ಯಾನ್ಸರ್ ದಾಖಲೆ ಇಡುತ್ತ ಬಂದಿದೆ. ನಗರದ ಹೆಂಗಸರಲ್ಲಿ ಗರ್ಭಕಂಠದ ಕ್ಯಾನ್ಸರನ್ನು ಸ್ತನ ಕ್ಯಾನ್ಸರ್ ಹಿಂದಿಕ್ಕಿದ್ದು ಆ ಪುಟಗಳಿಂದಲೇ ತಿಳಿಯುತ್ತದೆ. ಆದರೆ ಅದು ರೋಗ ಬಂದವರ ಪಟ್ಟಿ. ಬರದಿರುವವರ ಪಟ್ಟಿಗೆ ನಮ್ಮಲ್ಲಿ ಹತ್ತಿರವಾದದ್ದು ಆಶಾ ಕಾರ್ಯಕರ್ತೆ ಮೂವತ್ತು ದಾಟಿದವರ ಮನೆಗೆ ಒಯ್ಯುವ ನಮೂನೆ. ಎದೆಯಲ್ಲಿ ಗಂಟಿದೆಯೇ, ತೊಟ್ಟಿನಿಂದ ರಕ್ತ ಮಿಶ್ರಿತ ಸ್ರಾವವಿದೆಯೇ, ಆಕಾರ ಬದಲಾಗಿದೆಯೇ ಎಂದು ಅದು ಕೇಳುತ್ತದೆ. 2016ರ ಕೇಂದ್ರದ ಮಾರ್ಗಸೂಚಿಯ ಪ್ರಕಾರ 30ರಿಂದ 65 ವಯಸ್ಸಿನವರಿಗೆ ಐದು ವರ್ಷಕ್ಕೊಮ್ಮೆ ಕೈಯಿಂದ ಪರೀಕ್ಷೆ ಆಗಬೇಕು, ಅನುಮಾನ ಬಂದವರನ್ನು ಮೇಲಿನ ಆಸ್ಪತ್ರೆಗೆ ಕಳಿಸಬೇಕು. ಆರೋಗ್ಯ ಇಲಾಖೆಯ ಹಣ ಇನ್ನಷ್ಟು ಮ್ಯಾಮೊಗ್ರಾಮ್ ಯಂತ್ರಗಳಿಗಿಂತ ಮೊದಲು ಆ ನಮೂನೆಗೆ ಹೋಗಬೇಕು: ಕಳಿಸಿದವಳು ಆಸ್ಪತ್ರೆ ತಲುಪಿದಳೇ ಎಂದು ನೋಡಲು, ಐದು ವರ್ಷದ ನಂತರ ಅದೇ ಮನೆಯ ಬಾಗಿಲನ್ನು ಮತ್ತೆ ತಟ್ಟಲು.