ವಾಗಣಗೇರಿಯ ಏರು

ಆಶ್ವಯುಜ ಮಾಸವು ಕೃಷ್ಣಾ-ಭೀಮೆಗಳ ನಡುವಣ ಸೀಮೆಗೆ ಬಹು ಸೊಗಸಾದ ಕಾಲವು. ಮಳೆಗಾಲವು ಹಿಂದಾಗಿ ಆಕಾಶವು ತಿಳಿಯಾಗಿರುವದು. ಎರೆಯ ಹೊಲಗಳಲ್ಲಿ ಹಿಂಗಾರಿಯ ಜೋಳದ ಬಿತ್ತಿಗೆಯು ಸಾಗಿರುವದು. ಗುಡ್ಡದ ಓರೆಗಳಲ್ಲಿ ತಂಗಡಿಯು ಹಳದಿಯ ಹೂವುಗಳನ್ನು ಬಿಟ್ಟು ನಿಂತಿರುವದು. ಬೆಟ್ಟವನ್ನೇರಬೇಕೆಂಬವರಿಗೆ ಇದಕ್ಕಿಂತ ತಕ್ಕ ಸಮಯವು ಬೇರೆ ಇಲ್ಲ. ಕಾಲಜ್ಞಾನದ ಬಸವಣ್ಣನಿಂದ ಹೆಸರಾದ ಕೊಡೇಕಲ್ಲಿನಿಂದ ಹೊರಟು ಹುಣಸಗಿಯ ಮಾರ್ಗವಾಗಿ ಸುರಪುರದ ಕಡೆಗೆ ನಡೆದವನಿಗೆ, ಬಯಲು ಮುಗಿದು ಬಂಡೆಗಲ್ಲಿನ ಗುಡ್ಡಗಳು ಎದುರಾಗುವವು. ವಾಗಣಗೇರಿಯ ಬೆಟ್ಟವು ಇವುಗಳಲ್ಲೊಂದು. ಬುತ್ತಿ ಕಟ್ಟಿಕೊಂಡು ಬೆಳಗಿನಲ್ಲಿ ಏರಿದವನು ಸಂಜೆಗೆ ಇಳಿದು ಬರಬಹುದು. ಆದರೆ 1705ನೆಯ ಇಸವಿಯಲ್ಲಿ ದಿಲ್ಲಿಯ ಬಾದಶಹನ ಸೈನ್ಯಕ್ಕೆ ಇದೇ ಏರು 78 ದಿನಗಳನ್ನು ಹಿಡಿಯಿತು.

ವಿಜಾಪುರವು 1686ರಲ್ಲಿಯೂ ಗೋಲಕೊಂಡೆಯು 1687ರಲ್ಲಿಯೂ ಔರಂಗಜೇಬನ ಕೈಸೇರಿದ ಬಳಿಕ, ದಕ್ಷಿಣದ ದೊಡ್ಡ ಬಾಗಿಲುಗಳೆಲ್ಲ ತೆರೆದಂತಾಗಿದ್ದವು. ಸಗರದ ಬೇಡ ದೊರೆಯಾದ ಪಾಮನಾಯಕನು ಅದೇ 1687ರಲ್ಲಿ ತನ್ನ ನೆಲೆಯನ್ನು ಬಿಟ್ಟುಕೊಟ್ಟು ಬಾದಶಹನ ದರ್ಬಾರಿಗೆ ಹೋದನು. ಕೆಲವೇ ದಿನಗಳಲ್ಲಿ ಅಲ್ಲಿಯೇ ತೀರಿಕೊಂಡನು. ಆತನ ಉತ್ತರಾಧಿಕಾರಿಯಾದ ಪಿಡ್ಡನಾಯಕನು ಕೆಲಕಾಲ ಮೊಗಲರ ಚಾಕರಿಯಲ್ಲಿದ್ದು, 1689ರಲ್ಲಿ ರಾಯಚೂರನ್ನು ಗೆಲ್ಲುವಲ್ಲಿ ಅವರಿಗೆ ನೆರವಾದನು. ತರುವಾಯ ಅವನು ವಾಗಣಗೇರಿಗೆ ಮರಳಿ ಕೋಟೆಯನ್ನು ಬಲಪಡಿಸಿ, ಬೇಡರ ಪಡೆಯನ್ನು ಕೂಡಿಸಿ ಸ್ವತಂತ್ರನಾಗಿ ನಿಂತನು. ಅವನ ಮೇಲೆ ಸರದಾರರು ಒಬ್ಬರ ಹಿಂದೊಬ್ಬರು ಬಂದರು. ಕಪ್ಪವನ್ನು ಪಡೆದು ಹೋದರೇ ಹೊರತು ಬೆಟ್ಟವನ್ನು ಪಡೆಯಲಿಲ್ಲ. ಕಡೆಗೆ 1705ನೆಯ ಫೆಬ್ರುವರಿ 8ರಂದು, 86 ವರುಷದ ಔರಂಗಜೇಬನು ತಾನೇ ಸೈನ್ಯಸಮೇತನಾಗಿ ಈ ಬೆಟ್ಟದೆದುರಿಗೆ ಬಂದಿಳಿದನು. ಅರ್ಧ ಶತಮಾನದಷ್ಟು ಕಾಲ ಆಳಿದ ಆತನ ಕಡೆಯ ಮುತ್ತಿಗೆಯು ಇದೇ.

ಗ್ರಂಥವನ್ನೋದಿದವನಿಗೆ ಈ ವಿಳಂಬವು ಆಶ್ಚರ್ಯವೆನಿಸಬಹುದು. ಏರಿ ನೋಡಿದವನಿಗೆ ಎನಿಸದು. ಒಂದೊಂದು ಹೆಬ್ಬಂಡೆಯ ಹಿಂದೆಯೂ ಒಬ್ಬ ಮನುಷ್ಯನು ಮರೆಯಾಗಿ ನಿಲ್ಲಬಲ್ಲನು. ಮೇಲಿನಿಂದ ಉರುಳಿಸಿದ ಕಲ್ಲು ತಾನೇ ದಾರಿಯನ್ನು ಹುಡುಕಿಕೊಳ್ಳುವದು. ಆನೆ, ಕುದುರೆ, ತೋಪಿನ ಬಂಡಿಗಳಿಗೆ ಬಯಲಿನಲ್ಲಿರುವ ಬಲವು ಇಂಥ ಓರೆಯಲ್ಲಿ ಉಳಿಯಲಾರದು. ಬೇಡರಾದರೋ ಬಂದೂಕಿನ ಗುರಿಗೆ ಹೆಸರಾದವರು. ಕೋಟೆಯ ಬುಡದ ತಳವಾರಗೇರಿಯ ಮೇಲೆ ಕಣ್ಣಿಡುವ ಲಾಲ್ ಟೇಕಡಿ ಎಂಬ ಕೆಂಪು ದಿಬ್ಬವನ್ನು ಮೊಗಲ ಸರದಾರರು ಒಮ್ಮೆ ಥಟ್ಟನೆ ಹಿಡಿದರು. ಆದರೆ ಮೋರ್ಚೆ ಕಟ್ಟುವಷ್ಟರಲ್ಲಿಯೇ ಬೇಡರು ಇರುವೆಗಳಂತೆ ಮುತ್ತಿ, ಕಲ್ಲು-ಗುಂಡುಗಳ ಮಳೆಗರೆದು ಅವರನ್ನು ಕೆಳಗಿಳಿಸಿದರು.

ಮಾರ್ಚ್ 26ರಂದು ಧನಾಜಿ ಜಾಧವ ಮತ್ತು ಹಿಂದೂರಾವರ ಮರಾಠಾ ಕುದುರೆಪಡೆಯು ನೆರವಿಗೆ ಬಂದಿತು. ಮರಾಠರ ಹೆಂಗಸರೂ ಮಕ್ಕಳೂ ಈ ಕೋಟೆಯಲ್ಲಿ ಆಶ್ರಯ ಪಡೆದಿದ್ದರು. ಒಂದು ಪಡೆಯು ಮೊಗಲರನ್ನು ಎದುರಿನಿಂದ ತಡೆದಿರುವಾಗ ಮತ್ತೊಂದು ಪಡೆಯು ಅವರನ್ನು ಹಿಂಬಾಗಿಲಿನಿಂದ ಸುರಕ್ಷಿತವಾಗಿ ಸಾಗಿಸಿತು. ಇದೇ ಕೋಟೆಯ ನಿಜವಾದ ಗೆಲವೆನ್ನಬಹುದು. ಕಾಪಾಡತಕ್ಕವರು ಪಾರಾದ ಮೇಲೆ ಉಳಿದದ್ದು ಕಲ್ಲು ಮಾತ್ರ.

ಆ ಬಳಿಕ ಝುಲ್ಫಿಕಾರಖಾನನು ಬಂದು ಪಕ್ಕದ ಗುಡ್ಡದಲ್ಲಿದ್ದ, ಬೇಡರು ನೀರು ತರುತ್ತಿದ್ದ ಬಾವಿಗಳನ್ನು ಬಹು ಕಷ್ಟದಿಂದ ಹಿಡಿದನು. ಚೈತ್ರ-ವೈಶಾಖದ ಬಿಸಿಲಿನಲ್ಲಿ ಬಂಡೆಯ ಮೇಲೆ ನೀರಿಲ್ಲದೆ ಬಾಳುವದೆಂದರೇನೆಂಬುದನ್ನು ಈ ಸೀಮೆಯವರಿಗೆ ಹೇಳಬೇಕಾಗಿಲ್ಲ. ಏಪ್ರಿಲ್ 27ರಂದು ತಳವಾರಗೇರಿಯು ಬಿದ್ದಿತು. ಅಂದಿನ ರಾತ್ರಿಯೇ ಪಿಡ್ಡನಾಯಕನೂ ಅವನ ಜನರೂ ಕೋಟೆಯಿಂದ ಪಾರಾಗಿ ಹೋದರು. ಮೊಗಲರು ಒಳಹೊಕ್ಕಾಗ ಅವರಿಗೆ ದೊರೆತದ್ದು ಉರಿಯುವ ಮನೆಗಳು. ದೊರೆಯೂ ದೊರೆಯಲಿಲ್ಲ, ಜಯದ ಫಲವೂ ದೊರೆಯಲಿಲ್ಲ.

ಬಾದಶಹನು ಅಲ್ಲಿಂದ ಕೃಷ್ಣೆಯ ಸಮೀಪದ ದೇವಾಪುರಕ್ಕೆ ಹೋಗಿ ಮಳೆಗಾಲವನ್ನು ಕಳೆದನು. ಅಲ್ಲಿ ಕಠಿಣವಾದ ಕಾಯಿಲೆಗೆ ಬಿದ್ದು, ಪಾಳೆಯವೆಲ್ಲವೂ ದಿಗಿಲುಗೊಂಡಿತು. ಚೇತರಿಸಿಕೊಂಡ ಮೇಲೆ ಅಕ್ಟೋಬರ 23ರಂದು ಪಲ್ಲಕ್ಕಿಯಲ್ಲಿ ಉತ್ತರಕ್ಕೆ ಹೊರಟನು. ಅದೂ ಇಂಥದೇ ಶರದೃತು. ಈತನು 1706ರ ಜನವರಿಯಲ್ಲಿ ಅಹಮದನಗರವನ್ನು ಮುಟ್ಟಿ, 1707ರಲ್ಲಿ ಅಲ್ಲಿಯೇ ಮಡಿದನು. ದಿಲ್ಲಿಯನ್ನು ಮತ್ತೆ ಕಾಣಲಿಲ್ಲ. ಇತ್ತ ಪಿಡ್ಡನಾಯಕನ ಮನೆತನವು ಸುರಪುರದಲ್ಲಿ ನೆಲೆನಿಂತು, ಮುಂದೆ ಒಂದೂವರೆ ಶತಮಾನ ಆಳಿತು. 1858ರಲ್ಲಿ ರಾಜಾ ವೆಂಕಟಪ್ಪನಾಯಕನು ಆಂಗ್ಲರೊಡನೆ ಹೋರಾಡಿ ಸೆರೆಯಾಗಿ ಮರಣಹೊಂದಿದ ಮೇಲೆ, 1860ರಲ್ಲಿ ಆ ಸಂಸ್ಥಾನವು ನಿಜಾಮನ ರಾಜ್ಯದಲ್ಲಿ ಸೇರಿಹೋಯಿತು.

ವಾಗಣಗೇರಿಯ ಮುತ್ತಿಗೆಯ ವೃತ್ತಾಂತವು ನಮಗೆ ಬಹುಮಟ್ಟಿಗೆ ಪಾರಸೀ ಇತಿಹಾಸಗಳಿಂದ ತಿಳಿದಿರುವದು. ಅವು ಬೆಟ್ಟವನ್ನು ಕೆಳಗಿನಿಂದ ನೋಡಿದವರು ಬರೆದವುಗಳು. ಅವರ ಕಣ್ಣಿಗೆ ಬೇಡರು ದರೋಡೆಕೋರರು, ಪಿಡ್ಡನಾಯಕನು ಮಾತು ತಪ್ಪಿದವನು. ಆ ದೂರು ಪೂರ್ಣ ಸುಳ್ಳೆಂದು ಯಾರೂ ಹೇಳಲಾರರು. ಸಂಧಿಯ ಮಾತೂ ಮೋಸವೂ ಆ ಕಾಲದ ಎರಡೂ ಪಕ್ಷಗಳ ಆಯುಧಗಳಾಗಿದ್ದವು. ಆದರೆ ಬೆಟ್ಟದ ಮೇಲಿನಿಂದ ನೋಡಿದವರು ಏನನ್ನೂ ಬರೆದಿಡಲಿಲ್ಲ. ಅವರು ಕಂಡದ್ದನ್ನು ಸ್ವಲ್ಪವಾದರೂ ತಿಳಿಯಬೇಕಾದರೆ ಇರುವ ಉಪಾಯವು ಒಂದೇ. ಶರತ್ಕಾಲದ ಒಂದು ದಿನ ಬೆವರು ಸುರಿಸಿ ಆ ಬಂಡೆಗಳನ್ನೇರಿ, ತಲೆಯ ಮೇಲೆ ನಿಂತು ಸುತ್ತಲಿನ ಬಯಲನ್ನು ನೋಡಬೇಕು. ಆ ಬಯಲಿನ ತುಂಬ ಡೇರೆಗಳಿದ್ದ ದಿನಗಳಲ್ಲಿ ಇಲ್ಲಿ 78 ದಿನ ನಿಂತವರ ಎದೆಯ ಅಳತೆಯು ಆಗ ತಾನೇ ತಿಳಿದೀತು.